ಮಾರಿಸ್‌ನ ಬದಲು ಹಾರಿದವನು

ಮಹಾಯುದ್ಧದ ಕಾಲ. ಲಿಬಿಯಾ ಗಡಿಯ ದಾಳಿಯಿಂದ ಮರಳಿದ ಬಾಂಬರ್ ವಿಮಾನ ತನ್ನ ನೆಲೆಯ ಅಂಚಿನಲ್ಲೇ ಹೊಟ್ಟೆ ಊರಿ ಬಿತ್ತು. ಮರಳು ಉತ್ತುಕೊಂಡು ಹೋಗಿ ನಿಂತಾಗ ಹೆಡ್ಲಿ ಬದುಕಿದ್ದ. ವಿಮಾನದ ಬೆನ್ನ ಮೇಲಿನ ಗಾಜಿನ ಗೂಡಿನಲ್ಲಿ, ಬಂದೂಕುಗಳ ಹಿಂದೆ, ಬಾಗಿದ ತಗಡು ಅವನ ಎರಡೂ ಕಾಲು ಕಚ್ಚಿಕೊಂಡಿತ್ತು. ಜಗ್ಗಿದ, ಬರಲಿಲ್ಲ. ಪೆಟ್ರೋಲ್ ವಾಸನೆ ಮಾತ್ರ ಬಂತು.

ಅವನು ಅಲ್ಲಿ ಇರಬೇಕಾದವನೇ ಅಲ್ಲ. ಬಂದೂಕು ಬಿಚ್ಚಿ ಒರೆಸಿ, ಗುಂಡು ತುಂಬಿ, ನೆಲದ ಮೇಲೆ ನಿಂತು ಕೈ ಬೀಸುವುದಷ್ಟೇ ಅವನ ಕೆಲಸ. ಆದರೆ ಬೆಳಿಗ್ಗೆ, ಆ ಬಂದೂಕುಗಳ ಹಿಂದೆ ಕೂರಬೇಕಾಗಿದ್ದ ಗನ್ನರ್ ಮಾರಿಸ್ ಗುಡಾರದ ಹಿಂದೆ ಕುಡಿದ ಚಹಾವನ್ನೆಲ್ಲ ಕಾರುತ್ತಾ ಕೂತಿದ್ದ.

"ಇದೊಂದ್ಸಲ ನೀನು ಹೋಗೋ ಹೆಡ್ಲಿ. ಡಾಕ್ಟರ್ ಹತ್ರ ಹೋದ್ರೆ ಪುಕ್ಕಲ ಅಂತ ಬರೆದು ಓಡಿಸ್ತಾರೆ."

"ಹೋದ ವಾರಾನೂ ಇದೊಂದ್ಸಲ ಅಂದಿದ್ದೆ. ನನ್ನ ಪ್ರಾಣ ಏನು ಬಿಟ್ಟಿ ಬಿದ್ದಿದೆಯಾ ಮಾರಾಯ?"

ಬೈಯುತ್ತಲೇ ಹತ್ತಿದ್ದ. ಪೈಲಟ್ ಕಂಡೂ ಕಾಣದಂತಿದ್ದ. ಪಟ್ಟಿಯಲ್ಲಿದ್ದದ್ದು ಮೂರೇ ಹೆಸರು: ಪೈಲಟ್, ನ್ಯಾವಿಗೇಟರ್, ಮಾರಿಸ್. ಇಂಥ ಕಳ್ಳ ಸವಾರಿ ಎಲ್ಲ ದಳಗಳಲ್ಲೂ ಇತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಬೆಂಕಿ ಆರಿಸುವ ಲಾರಿ ಬಂತು. ಪೈಲಟ್ ಮತ್ತು ನ್ಯಾವಿಗೇಟರ್‌ನನ್ನು ಎಳೆದು ಹೊರಗೆ ಹಾಕಿದರು, ಇಬ್ಬರಿಗೂ ಎಚ್ಚರವಿಲ್ಲ. ಹೆಡ್ಲಿ ಗಾಜು ಗುದ್ದಿದ, ಗಂಟಲು ಹರಿಯುವಂತೆ ಕೂಗಿದ. ಎಣ್ಣೆ ಎರಚಿ ಕಪ್ಪಾದ ಗಾಜಿನಲ್ಲಿ ಅವನಿಗೆ ಅಂಗೈಯಗಲದ ಕಿಂಡಿ. ಹೊರಗಿನವರ ಕಣ್ಣಿಗೆ ಅದು ಬೀಳಲಿಲ್ಲ. ಲಾರಿಯ ಸದ್ದು ಅವನ ಕೂಗನ್ನು ನುಂಗಿಹಾಕಿತು. ರೆಕ್ಕೆಯ ಕೆಳಗೆ ಬೆಂಕಿ ಹತ್ತಿತು.

"ಗನ್ನರ್ ಎಲ್ರೋ?" ಸಾರ್ಜೆಂಟ್ ಡಾಕಿನ್ಸ್‌ನದು ಒಂಟೆಯೂ ಬೆದರುವಂಥ ಗಂಟಲು. ಅಷ್ಟರಲ್ಲಿ ಓಡಿಬಂದು ನಿಂತಿದ್ದ ಮಾರಿಸ್ ಕಣ್ಣಿಗೆ ಬಿದ್ದ. "ಓ, ಇಲ್ಲೇ ಇದ್ದಾನಲ್ಲ! ಗಟ್ಟಿ ಪಿಂಡ ಕಣಯ್ಯಾ, ಮೈಮೇಲೆ ಒಂದು ಗೀರೂ ಇಲ್ಲ! ಮೂರೂ ಜನ ಸಿಕ್ಕಿದ್ರು. ಹಿಂದೆ ಸರೀರಿ, ಸಿಡಿಯುತ್ತೆ!"

ಎಲ್ಲರೂ ಸರಿದರು. ಮಾರಿಸ್ ಕೂಡ ಎರಡು ಹೆಜ್ಜೆ ಸರಿದ. ಕಿಂಡಿಯಿಂದ ಹೆಡ್ಲಿ ಅದನ್ನು ನೋಡಿದ. ತಾನು ಇಲ್ಲಿ ಬೂದಿಯಾದರೆ ಪಡೆ ಬಿಟ್ಟು ಓಡಿಹೋದವನೆಂದು ಬರೆದುಕೊಳ್ಳುತ್ತಾರೆ. ಹೆಂಡತಿಗೂ ಹಾಗೆಂದೇ ಕಾಗದ ಹೋಗುತ್ತದೆ. ಮಾರಿಸ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಮಾರಿಸ್ ನಿಂತ.

"ಸಾರ್, ನಾನು ಹೋಗೇ ಇಲ್ಲ! ಹೆದರ್ಕೊಂಡು ಉಳಿದ್ಬಿಟ್ಟೆ! ಹೆಡ್ಲಿ ಒಳಗಿದ್ದಾನೆ ಸಾರ್!"

ಸಾರ್ಜೆಂಟ್ ಬಾಯಿ ತೆರೆಯುವ ಮೊದಲೇ ಅವನು ಲಾರಿಯಿಂದ ಕೊಡಲಿ ಕಿತ್ತುಕೊಂಡು ಬೆಂಕಿಯತ್ತ ಓಡಿದ. ಗಾಜು ಒಡೆಯಿತು. ತಗಡಿನ ಮೇಲೆ ಮೂರು ಏಟಿಗೆ ಒಂದು ಬೀಳಬೇಕಾದಲ್ಲಿ ಬಿತ್ತು.

"ಭಯ ಆಗ್ತಿದೆ ಕಣೋ."

"ಬಾಯ್ಮುಚ್ಕೊಂಡು ಕಡಿ."

ಮಧ್ಯಾಹ್ನ ಆಸ್ಪತ್ರೆ ಗುಡಾರದಲ್ಲಿ ಹೆಡ್ಲಿಯ ಮಂಚದ ಬಳಿ ಅಧಿಕಾರಿಯೊಬ್ಬ ಕಾಗದ ಹಿಡಿದು ಕೂತ. ಮಾರಿಸ್‌ನನ್ನು ಹೇಡಿತನದ ವಿಚಾರಣೆಗೆಂದು ಆಗಲೇ ಕಾವಲಿನಲ್ಲಿ ಕೈರೋಗೆ ಸಾಗಿಸಿಯಾಗಿತ್ತು.

"ಒಂದೇ ಪ್ರಶ್ನೆ. ಅವನು ಹೆದರಿದ್ದನೋ ಇಲ್ಲವೋ?"

"ಹೆದರಿದ್ದ ಸಾರ್. ಅಷ್ಟು ಹೆದರಿದ್ರೂ ಬೆಂಕಿಗೆ ನುಗ್ಗಿದ."

ಅಧಿಕಾರಿ ಮೊದಲ ಮಾತನ್ನಷ್ಟೇ ಬರೆದುಕೊಂಡ.