ಎರಡು ಬೆರಳು ತವರು

ನಲವತ್ತಾರನೇ ವಯಸ್ಸಿನಲ್ಲಿ ಸಾಂಸ್ಕೃತಿಕ ಮಾನವಶಾಸ್ತ್ರದಲ್ಲಿ ಎಂ.ಎ. ಮಾಡುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಬೇಡ ಎಂದರೆ ನಾನು ಇನ್ನಷ್ಟು ಹಟ ಹಿಡಿಯುತ್ತೇನೆಂದು ಎಲ್ಲರಿಗೂ ಗೊತ್ತು. ಇಪ್ಪತ್ತೆರಡು ವರ್ಷ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸಿದವಳು ನಾನು. ಅಂಟಿಸುತ್ತಾ ಅಂಟಿಸುತ್ತಾ ಒಂದು ದಿನ ಒಳಗೇನಿದೆ ಎಂದು ತೆರೆದು ನೋಡಿದೆ, ಅಲ್ಲಿಗೆ ಕೆಲಸ ಕೆಟ್ಟಿತು. ಮಗಳು ಮಾತ್ರ ಕೇಳಿದಳು: "ಅದ್ರಲ್ಲಿ ಏನಮ್ಮಾ ಮಾಡೋದು?"

"ಜನ ಹೇಗೆ ಬದುಕ್ತಾರೆ ಅಂತ ಹತ್ತಿರ ಕೂತು ನೋಡಿ ಬರೆಯೋದು."

"ಬಾಲ್ಕನಿಯಲ್ಲಿ ನಿಂತು ಮೊದಲಿಂದ್ಲೂ ಅದನ್ನೇ ಮಾಡ್ತಿದ್ದೀಯಲ್ಲ. ಬರೆಯೋದೊಂದು ಬಾಕಿ ಇತ್ತು."

ಮೊದಲ ದಿನ ನಾನು ತರಗತಿಯೊಳಗೆ ಹೋದಾಗ ಹದಿನಾಲ್ಕು ಮಕ್ಕಳೂ ಎದ್ದು ನಿಂತರು, ಪಾಠ ಮಾಡಲು ಬಂದವಳೆಂದು. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತ ಮೇಲೆ ಅವರಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ. ಒಂದು ತಿಂಗಳಲ್ಲಿ ಎಲ್ಲರಿಗೂ ಆಂಟಿಯಾದೆ. ಟಿಪ್ಪಣಿ ಬೇಕಾದವರಿಗೆಲ್ಲ ನನ್ನ ನೋಟ್‌ಬುಕ್ಕೇ ಗತಿಯಾಯಿತು.

ಎರಡನೇ ವರ್ಷ ಕ್ಷೇತ್ರಕಾರ್ಯ. ಒಂದು ಜಾಗ ಆರಿಸಿಕೊಂಡು, ತಿಂಗಳುಗಟ್ಟಲೆ ಅಲ್ಲಿಯವರ ನಡುವೆ ಕೂತು, ಕಂಡದ್ದು ಕೇಳಿದ್ದು ಬರೆದು, ಕೊನೆಗೆ ಪ್ರಬಂಧ ಕೊಡಬೇಕು. ನನ್ನ ಗೈಡ್ ನನಗಿಂತ ಹತ್ತು ವರ್ಷ ಚಿಕ್ಕವರು, ಧ್ವನಿ ಎತ್ತಿದ್ದನ್ನು ನಾನು ಕೇಳಿಲ್ಲ. "ಎಲ್ಲಾದರೂ ಹೋಗಿ, ಆದರೆ ಅವರದೇ ಆದ ಒಂದು ಮಾತು ಹುಡುಕಿಕೊಂಡು ಬನ್ನಿ. ಒಂದು ಮಾತು ಸಿಕ್ಕರೆ ಒಳಗೆ ಹೋಗೋಕೆ ಬಾಗಿಲು ಸಿಕ್ಕಿದ ಹಾಗೆ," ಎಂದರು. ನಾನು ಆ ಮಾತನ್ನು ಗಂಟು ಕಟ್ಟಿಕೊಂಡು ಹೋಗಿ ಒಂದು ಟೈಲರ್ ಅಂಗಡಿಯಲ್ಲಿ ಕೂತೆ.

ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಬಿಚ್ಚಿ ಸರಿಮಾಡುವುದೇ ಆ ಅಂಗಡಿಯಲ್ಲಿ ಹೆಚ್ಚು. ಮೂರು ಮಷಿನ್, ಒಂದು ಉದ್ದನೆಯ ಮೇಜು, ಟ್ರಯಲ್ ರೂಮಿನ ಹೆಸರಿನಲ್ಲಿ ಒಂದು ಮೂಲೆ, ಅದಕ್ಕೊಂದು ಪರದೆ. ಮೇಜಿನ ಹಿಂದೆ ನಿಂತು ಕತ್ತರಿಸುವವಳು ಅಂಗಡಿಯ ಯಜಮಾನಿ. ಎಲ್ಲರೂ ಕತ್ತರಿ ಅಕ್ಕ ಎನ್ನುತ್ತಾರೆ. ಮಾತೂ ಹಾಗೆಯೇ, ಎರಡು ತುಂಡು. ಕಿಟಕಿಯ ಪಕ್ಕ ಕೂತು ಗುಂಡಿಗೆ ಕಾಜಾ ಹೊಲಿಯುವವರು ಅವಳ ಚಿಕ್ಕಮ್ಮ, ಹಾಗಾಗಿ ಬೀದಿಗೆಲ್ಲ ಚಿಕ್ಕಮ್ಮ. ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮಷಿನ್ ಖಾಲಿ ಇತ್ತು. ಅದರ ಮೇಲೆ ಕೆಲಸ ಮಾಡುವವಳು ಹೆರಿಗೆಗೆಂದು ಹೋಗಿದ್ದಳು. ನಾನು ಅವಳ ಸ್ಟೂಲಿನ ಮೇಲೆ ಕೂತೆ.

ಮೊದಲ ದಿನವೇ ಚಿಕ್ಕಮ್ಮ ಒಂದು ಕುರ್ತಾವನ್ನು ಒಳಮೈ ಹೊರಗೆ ಮಾಡಿ ತಿರುಗಿಸಿದರು. ಹೊಲಿಗೆಯ ಆಚೆಗೆ ಎರಡು ಬೆರಳಿನಷ್ಟು ಬಟ್ಟೆ ಉಳಿಸಿದ್ದರು. "ಇದಕ್ಕೆ ಏನಂತಾರೆ?" ಎಂದು ಕೇಳಿದೆ.

"ಒಳಗೆ ಬಿಟ್ಟಿರೋ ಬಟ್ಟೆ ಅಂತಾರೆ."

"ಅದಲ್ಲ ಚಿಕ್ಕಮ್ಮ, ನಿಮ್ಮದೇ ಒಂದು ಹೆಸರು ಇರ್ಬೇಕಲ್ಲ?"

ಇಲ್ಲ ಎಂದರು. ನಾನು ಬಿಡುವವಳೇ? ಮರುದಿನವೂ ಕೇಳಿದೆ, ಅದರ ಮರುದಿನವೂ ಕೇಳಿದೆ. ನಾಲ್ಕನೇ ದಿನ ಚಿಕ್ಕಮ್ಮ ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದು, "ತವರು ಅಂತೀವಿ," ಎಂದರು.

"ತವರಾ?"

"ಹೂಂ. ದಪ್ಪ ಆದಾಗ, ಬಿಗಿ ಆದಾಗ, ಬಿಚ್ಚಿದ್ರೆ ಒಳಗಿಂದ ಸಿಗುತ್ತಲ್ಲ. ಕಷ್ಟಕ್ಕೆ ಆಗೋದು ಅದೇ ತಾನೇ."

ನನಗೆ ಮೈ ಜುಮ್ಮೆಂದಿತು. ಮೇಜಿನ ಹಿಂದೆ ಕತ್ತರಿಯ ಸದ್ದು ನಿಂತುಹೋಯಿತು. ಕತ್ತರಿ ಅಕ್ಕ ನಮಗೆ ಬೆನ್ನು ಹಾಕಿ ನಿಂತಳು. ಆ ದಿನದ ನನ್ನ ಟಿಪ್ಪಣಿಯಲ್ಲಿ ಹೀಗಿದೆ: 'ಈ ಮಾತು ಬಂದಾಗ ಕೆಲಸ ನಿಂತಿತು. ಗೌರವ ಇರಬಹುದೇ?'

ಆಮೇಲೆ ಆ ಮಾತು ದಿನಾ ಕಿವಿಗೆ ಬೀಳತೊಡಗಿತು. ತವರು ಎಷ್ಟಿದೆ ನೋಡು, ತವರು ಒಂದು ಬೆರಳು ಬಿಡು. ನೋಟ್‌ಬುಕ್ಕಿನಲ್ಲಿ ನೂರಾ ನಲವತ್ತು ಸಲ ದಾಖಲಿಸಿದೆ, ತಾರೀಕು ಮತ್ತು ಹೇಳಿದವರ ಸಮೇತ. ಬಟ್ಟೆಯಲ್ಲೂ ಬಂಧುತ್ವ ಕಾಣುವ ಹೆಂಗಸರು ಎಂದು ಮೂವತ್ತೆಂಟು ಪುಟದ ಅಧ್ಯಾಯ ಬರೆದೆ. ಗೈಡ್ ಓದಿ, ಇದೇ ನಿಮ್ಮ ಪ್ರಬಂಧದ ಜೀವ ಎಂದರು. ಅಂದು ಮನೆಗೆ ನಡೆದೇ ಬಂದೆ, ಬಸ್ಸಿನಲ್ಲಿ ಕೂರುವಷ್ಟು ಸಮಾಧಾನ ಇರಲಿಲ್ಲ.

ಎಂಟು ತಿಂಗಳ ಮೇಲೆ ಓವರ್‌ಲಾಕಿನವಳು ಮಗುವನ್ನು ಅವ್ವನ ಕೈಗೆ ಕೊಟ್ಟು ಕೆಲಸಕ್ಕೆ ಬಂದಳು. ನಾನು ಸ್ಟೂಲು ಬಿಟ್ಟುಕೊಟ್ಟು ಬಾಗಿಲ ಬಳಿ ನಿಂತೆ. ಕತ್ತರಿ ಅಕ್ಕ ಅವಳ ಮುಂದೆ ಒಂದು ಜಾಕೆಟ್ ಎಸೆದು, "ತವರು ಎರಡು ಬೆರಳು ಬಿಟ್ಟು ಹೊಲಿ," ಎಂದಳು.

"ತವರು ಬಿಟ್ಟೇ ಬಂದಿದ್ದೀನಲ್ಲಕ್ಕಾ, ಇನ್ನೆಷ್ಟು ಬಿಡ್ಲಿ?" ಎಂದಳು ಅವಳು.

ನಾನು ಬಾಗಿಲಿಂದ ಒಳಗೆ ಬಂದು ಅವಳನ್ನು ಕೇಳಿದೆ: "ನಿಂಗೆ ಈ ಮಾತು ಗೊತ್ತಿಲ್ವಾ? ಇಲ್ಲಿ ಎಷ್ಟು ವರ್ಷದಿಂದ ಇದ್ದೀಯ?"

"ಒಂಬತ್ತು. ಯಾವ ಮಾತು?"

ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು. "ನೀನು ದಿನಾ ಬಂದು ಬಂದು ಕೇಳ್ತಿದ್ದೆ. ಪಾಪ, ಈ ವಯಸ್ಸಲ್ಲಿ ಓದೋಕೆ ಹೊರಟಿದ್ದಾಳೆ, ಬರಿಗೈಲಿ ಹೇಗೆ ಕಳಿಸೋದು ಅನ್ನಿಸ್ತು. ಬಾಯಿಗೆ ಬಂದದ್ದು ಹೇಳ್ದೆ. ನೀನು ಬರ್ಕೊಂಡೆ. ಆಮೇಲೆ ನಿನ್ನ ಮುಂದೆ ಬೇರೆ ಥರ ಹೇಳೋದು ಹೇಗೆ?"

ಅವತ್ತು ಕತ್ತರಿ ನಿಂತದ್ದು ಗೌರವಕ್ಕಲ್ಲ, ನಗು ತಡೆಯಲಿಕ್ಕೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನನ್ನ ಎಂಟು ತಿಂಗಳು ನೀರಿಗೆ ಹಾಕಿದ್ರಿ," ಎಂದು ಹೇಳಿ ಚೀಲ ಎತ್ತಿಕೊಂಡು ಬಂದುಬಿಟ್ಟೆ. ಚಿಕ್ಕಮ್ಮ ಊಟ ಆಯ್ತಾ ಎಂದು ಕೇಳದೆ ನನ್ನನ್ನು ಕಳಿಸಿದ್ದು ಅದೊಂದೇ ದಿನ.

ಪ್ರಬಂಧ ಕೊಡಲು ಏಳು ವಾರ ಉಳಿದಿತ್ತು. ಗೈಡ್ ಮುಂದೆ ಕೂತು ಎಲ್ಲ ಹೇಳಿದೆ. ಅವರು ನಗಲಿಲ್ಲ, ಅಷ್ಟೇ ಪುಣ್ಯ. "ಅಧ್ಯಾಯ ತೆಗೆಯೋದು ಬೇಡ. ನೀವು ಪೀಡಿಸಿದ್ರಿ, ಅವರು ಕನಿಕರದಿಂದ ಒಂದು ಮಾತು ಕೊಟ್ರು. ಅದನ್ನೇ ಬರೀರಿ. ಆದ್ರೆ ಅದು ಅವರ ಮಾತು ಅಂತ ಬರೀಬೇಡಿ. ನೀವಿಲ್ಲದಾಗ ಏನಂತಾರೋ ಅದು ಅವರ ಮಾತು."

"ನಾನಿಲ್ಲದಾಗ ಏನಂತಾರೆ ಅಂತ ನಾನು ಹೇಗೆ ತಿಳ್ಕೊಳ್ಳಲಿ?"

"ಅದು ನಮ್ಮ ಶಾಸ್ತ್ರದ ತಲೆನೋವು," ಎಂದರು.

ಮೂವತ್ತೆಂಟು ಪುಟ ಬದಿಗಿಟ್ಟು ಹೊಸದಾಗಿ ಬರೆದೆ. ನನ್ನ ದಡ್ಡತನವನ್ನೇ ಅಧ್ಯಾಯ ಮಾಡುವುದು ಸುಲಭವಲ್ಲ, ಪ್ರತಿ ಪುಟಕ್ಕೂ ಒಂದು ಸಲ ಎದ್ದು ನೀರು ಕುಡಿದೆ. ಆದರೆ ಬರೆಯುತ್ತಾ ಬರೆಯುತ್ತಾ ಸಿಟ್ಟು ಇಳಿಯಿತು. ಬರಿಗೈಲಿ ಕಳಿಸಬಾರದೆಂದು ಯಾರು ಯಾರಿಗೆ ಮಾತು ಹುಟ್ಟಿಸಿ ಕೊಡುತ್ತಾರೆ? ಅಂಗಡಿಗೆ ಹೋಗಿ ಚಿಕ್ಕಮ್ಮನ ಕೈ ಹಿಡಿಯಬೇಕು ಅನ್ನಿಸುತ್ತಿತ್ತು, ಯಾವ ಮುಖ ಹೊತ್ತು ಹೋಗಲಿ? ಅಧ್ಯಾಯದ ಕೊನೆಗೆ ಹೀಗೆ ಬರೆದೆ: ಈ ಮಾತು ನಾನು ಬಂದ ಮೇಲೆ ಹುಟ್ಟಿತು. ನಾನು ಹೋದ ಮೇಲೆ ಉಳಿಯಿತೋ ಇಲ್ಲವೋ ಗೊತ್ತಿಲ್ಲ.

ಕೊಡಲು ಐದು ದಿನ ಇರುವಾಗ, ಒಂದು ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯಲು ಕೂತೆ. ಮಗಳ ಪ್ಯಾಂಟಿನ ಸೊಂಟಪಟ್ಟಿ ಹಿಡಿದದ್ದೇ ತಡ, ಬೆರಳಿಗೆ ಗುಂಡುಸೂಜಿ ಚುಚ್ಚಿತು. ಬೈಯುತ್ತಾ ಒಳಮೈ ತಿರುಗಿಸಿದೆ. ಸೂಜಿಗೆ ಸಿಕ್ಕಿಸಿದ್ದ ಹಳದಿ ಚೀಟಿಯೊಂದು ಅಲ್ಲೇ ಉಳಿದಿತ್ತು. ಕತ್ತರಿ ಅಕ್ಕನ ಅಕ್ಷರ, ಕಳೆದ ವಾರದ ತಾರೀಕು: 'ನಂ. 61. ರೆಡಿಮೇಡ್, ತವರಿಲ್ಲದ್ದು. ಪಕ್ಕಕ್ಕೆ ಪಟ್ಟಿ ಹಾಕಿ.'

ಒದ್ದೆ ಕೈಯಲ್ಲೇ ಹೋಗಿ ಮಗಳನ್ನು ಎಬ್ಬಿಸಿದೆ. "ಇದನ್ನ ಎಲ್ಲಿ ಕೊಟ್ಟಿದ್ದೆ?"

"ಕಾಲೇಜಿಂದ ಬರೋ ದಾರೀಲಿ ಒಂದು ಅಂಗಡಿ ಇದೆಯಲ್ಲ, ಅಲ್ಲಿ. ಬಿಗಿ ಆಗಿತ್ತು. ಯಾಕೆ?"

"ನನ್ನ ಮಗಳು ಅಂತ ಹೇಳಿದ್ಯಾ?"

"ಪ್ಯಾಂಟು ಸಡಿಲ ಮಾಡಿಸೋಕೆ ವಂಶವೃಕ್ಷ ಯಾಕಮ್ಮ ಹೇಳ್ಬೇಕು? ನಂಬರು ಕೊಟ್ರು, ಬಂದೆ," ಎಂದು ಹೊದಿಕೆ ಎಳೆದುಕೊಂಡಳು.

ತವರಿಲ್ಲದ್ದು. ನನ್ನ ನೂರಾ ನಲವತ್ತು ದಾಖಲೆಗಳಲ್ಲಿ ಈ ಬಳಕೆ ಒಂದೇ ಒಂದು ಕಡೆಯೂ ಇರಲಿಲ್ಲ. ನನಗಾಗಿ ಹೇಳಿದ್ದಲ್ಲ, ನಾನು ನೋಡಲೆಂದು ಬರೆದದ್ದೂ ಅಲ್ಲ. ನನಗೆ ಅಳು ಬಂತು, ನಗುವೂ ಬಂತು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ನಿಂತೆ. ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತದೆ, "ಊಟ ಆಯ್ತಾ?" ಎಂದರು, ಬೆಳಿಗ್ಗೆ ಒಂಬತ್ತೂವರೆಗೆ.

"ಚಿಕ್ಕಮ್ಮ, ಅವತ್ತು ನಾನು ಹಾಗೆ ಮಾತಾಡ್ಬಾರದಿತ್ತು."

"ಬಿಡು. ನನ್ನ ಸುಳ್ಳನ್ನ ಪುಸ್ತಕದಲ್ಲಿ ಬರೆದ್ಯಾ?"

"ಬರೆದೆ. ಅದು ಈಗ ಸುಳ್ಳಲ್ಲ ಅಂತಾನೂ ಬರೀಬೇಕು, ಅದಕ್ಕೇ ಬಂದೆ."

ಚೀಟಿಯನ್ನು ಮೇಜಿನ ಮೇಲೆ ಇಟ್ಟೆ. ಓವರ್‌ಲಾಕಿನವಳು ಇಣುಕಿ ನೋಡಿ, "ನಾನೇ ಹೊಲಿದದ್ದು. ತವರಿಲ್ಲದ ಪ್ಯಾಂಟು ದೊಡ್ಡ ಕಾಟ," ಎಂದು ಮಷಿನಿಗೆ ತಿರುಗಿದಳು. ಕತ್ತರಿ ಅಕ್ಕ ಚೀಟಿ ಓದಿದಳು. ಅದರಲ್ಲಿ ಏನು ವಿಶೇಷ ಎಂದು ತಿಳಿಯದೆ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನಾನಿಲ್ಲದಾಗಲೂ ತವರು ಅಂತಲೇ ಬರೆದಿದ್ದೀರಲ್ಲ," ಎಂದೆ.

ಅವಳು ನನ್ನ ಮುಖ ನೋಡಿದಳು. "ಮತ್ತೆ ಅದಕ್ಕೆ ಬೇರೆ ಏನಂತಾರೆ?"