ಹನ್ನೆರಡು ರೆಕ್ಕೆ

ಪಟಪಟ ಬಡಿದುಕೊಳ್ಳುತ್ತಿದೆ ಕೆಂಪು ಚಿಂದಿ, ಅಲ್ಲಿ ಮೇಲೆ, ಪಂಖಾದ ಕಂಬಿಯಲ್ಲಿ, ಏಣಿ ಹತ್ತಿದಾಗಲೇ ಕಿತ್ತು ಬಿಸಾಕಬೇಕಿತ್ತು, ಇರಲಿ, ಈಗ ನೋಡಬೇಕಾದ್ದು ಚಿಂದಿಯನ್ನಲ್ಲ ಕಂಬಿಯನ್ನು, ಮತ್ತು ಕಂಬಿ ತೂಗಾಡುತ್ತಿದೆ, ಈ ಸಲವೂ ತೂಗಾಡುತ್ತಿದೆ, ಕುಡಿದವನು ಗೋಡೆ ಹುಡುಕುವ ಹಾಗೆ ಒಂದು ಕಡೆಗೆ ವಾಲಿ, ಸಾವರಿಸಿಕೊಂಡು, ಮತ್ತೆ ವಾಲಿ—ಆರಿಸು, ಮೊದಲು ಆರಿಸು, ಜಂತಿಯ ಕೊಂಡಿ ಕಿತ್ತುಕೊಂಡು ತಲೆಯ ಮೇಲೆ ಬಿದ್ದರೆ ಕತೆ ಮುಗಿಯಿತು—ಚಂದ್ರಾಮ ರೆಗ್ಯುಲೇಟರಿನ ದಪ್ಪ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ, ಕಟ್, ಕಟ್, ಕಟ್, ಹಳೇ ಕಾಲದ ರೆಗ್ಯುಲೇಟರು, ಈ ಮನೆಯಲ್ಲಿ ಹೇಳಿದ ಮಾತು ಕೇಳುವುದು ಅದೊಂದೇ. ರೆಕ್ಕೆಗಳು ನಿಧಾನವಾದವು, ಚಿಂದಿ ಸೋತು ಜೋತುಬಿತ್ತು. ಬೆಳಿಗ್ಗೆಯಿಂದ ಇದೇ ಆಗಿದೆ, ನಾಲ್ಕು ರೆಕ್ಕೆ ಹಾಕು, ತಿರುಗಿಸು, ತೂಗಾಡುತ್ತದೆ, ಬಿಚ್ಚು, ಬೇರೆ ನಾಲ್ಕು ಹಾಕು. ಉಳಿದ ಎಂಟು ಫರ್ಸಿಯ ಮೇಲೆ ಸಾಲಾಗಿ ಮಲಗಿವೆ, ಮೇ ತಿಂಗಳ ಬಿಸಿಲಿಗೆ ನೆಲದ ಕಲ್ಲೂ ಕಾದಿದೆ, ಬೆವರು ಕಣ್ಣಿಗಿಳಿದು ಉರಿಯುತ್ತಿದೆ, ಮನೆ ತುಂಬ ಪಂಖಾ, ಗಾಳಿ ಮಾತ್ರ ಇಲ್ಲ. ಹನ್ನೆರಡೂ ಒಂದೇ ಬಿಳುಪು, ಒಂದೇ ಉದ್ದ, ನೋಡಿದವರಿಗೆ ಒಂದೇ ತಾಯಿಯ ಮಕ್ಕಳು, ಆದರೆ ಅಲ್ಲ, ಪಂಖಾ ಮೂರು, ಒಂದೊಂದಕ್ಕೂ ಅದರದೇ ನಾಲ್ಕು ರೆಕ್ಕೆ, ತಯಾರು ಮಾಡಿದವರೇ ತೂಗಿ ಹೊಂದಿಸಿ ಕೊಟ್ಟದ್ದು, ಒಂದರದು ಇನ್ನೊಂದಕ್ಕೆ ಹಾಕಿದಿರೋ ಹೀಗೇ, ಜನ್ಮವಿಡೀ ತೂಗಾಟ. ಅದಕ್ಕೇ ಅಲ್ಲವೇ ಬಿಚ್ಚುವಾಗ ಪ್ರತಿ ರೆಕ್ಕೆಯ ಬೆನ್ನಿಗೂ ಪ್ರತಿ ಮೋಟಾರಿಗೂ ಸೀಮೆಸುಣ್ಣದಿಂದ ಗುರುತು ಹಾಕಿದ್ದು, ಮೊದಲನೆಯದಕ್ಕೆ ಒಂದು ಗೆರೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಸೀಮೆಸುಣ್ಣ, ತೊಳೆದರೆ ಹೋಗುವ ಸೀಮೆಸುಣ್ಣ. ತೊಳೆದಳು.

ಅವಳೇ ತೊಳೆದಳು, ಬೇರೆ ಯಾರೂ ಅಲ್ಲ, ಅನಸುಬಾಯಿ, ಮದುವೆಯಾದಾಗಿನಿಂದ ಪಂಖಾ ಎಂದರೆ ಮೂಗು ಮುರಿದವಳು, ಮುಟ್ಟಿದರೆ ಕೈ ಹೊಲಸಾಗುತ್ತದೆ ಎನ್ನುತ್ತಿದ್ದವಳು—ಮುಟ್ಟಲೇಬಾರದಿತ್ತು, ಹಾಗೇ ಇರಬೇಕಿತ್ತು—ಸಿಮೆಂಟು ಕಾರ್ಖಾನೆಯಲ್ಲಿ ವೈರ್‌ಮನ್ ಆಗಿದ್ದಾಗಿನಿಂದ ಚಂದ್ರಾಮನಿಗೆ ಈ ಹುಚ್ಚು, ಯಾರ ಮನೆಯಲ್ಲಿ ಹಳೇ ಪಂಖಾ ಮೂಲೆಗೆ ಬಿತ್ತು ಎಂದರೂ ಸೈಕಲ್ ಹತ್ತುತ್ತಿದ್ದ. ಮಂಚದ ಕೆಳಗಿರುವುದು ಚಿತ್ತಾಪುರದ ವಾಡೆಯೊಂದರಿಂದ ಬಂದ ಮೇಜಿನ ಪಂಖಾ, ಹಿತ್ತಾಳೆ ರೆಕ್ಕೆ, ಬೆರಳು ಹೋಗುವಷ್ಟು ಅಗಲದ ಜಾಲರಿ, ಮಗಳು ಸರಿತಾ ಸಣ್ಣವಳಿದ್ದಾಗ ಒಮ್ಮೆ ಬೆರಳಿಟ್ಟೂ ಇದ್ದಳು, ಅಂದು ಅನಸುಬಾಯಿ ಆ ಪಂಖಾ ಎತ್ತಿ ಅಂಗಳಕ್ಕೆ ಒಗೆಯಲು ಹೋಗಿದ್ದಳು, ತಾನೇ ಕೈ ಹಿಡಿದು ತಡೆದದ್ದು. ಬಚ್ಚಲಿನ ಅಟ್ಟದ ಮೇಲಿರುವುದು ಚಿಂಚೋಳಿಯ ಡಾಕ್ಟರರ ದವಾಖಾನೆಯದು, ಅದರ ಸುರುಳಿಯನ್ನು ತಾನೇ ಹೊಸದಾಗಿ ಸುತ್ತಿದ್ದು, ತಂತಿ ಕೈ ಕೊಯ್ದು ರಕ್ತ ಬಂದರೂ ಬಿಡದೆ ಸುತ್ತಿದ್ದು. ಅವಳದು ಒಂದೇ ರಾಗ, ಜ್ವಾಳದ ಚೀಲ ಇಡಲಿಕ್ಕ ಜಾಗ ಇಲ್ಲ, ನಿಮ್ಮ ಪಂಖಾ ನೋಡಿದ್ರ ರಾಜರಂಗ ಮಲಗ್ಯಾವ, ಯಾವುದರೆ ಒಂದು ದಿನ ಗಾಳಿ ಕೊಟ್ಟಾವೇನು ನನಗ. ಕೊಟ್ಟಿಲ್ಲ ನಿಜ. ಸಂಗ್ರಹ ಬೇರೆ, ಬಳಕೆ ಬೇರೆ ಎಂದರೆ ಅವಳಿಗೆ ತಲೆಗೆ ಹೋಗುವುದಿಲ್ಲ, ಮೂವತ್ತು ವರ್ಷ ಹೇಳಿದರೂ ಹೋಗಿಲ್ಲ. ಆಮೇಲೆ ಈ ಬೇಸಿಗೆ, ಪಡಸಾಲೆಯಲ್ಲಿ ತಿರುಗುತ್ತಿದ್ದ ಹೊಸ ಪಂಖಾ ಸುಟ್ಟು ವಾಸನೆ ಬಂದಾಗ, ರೊಟ್ಟಿ ಬಡಿಯುತ್ತ ಬಡಿಯುತ್ತ, ಇವನ ಕಡೆ ನೋಡದೆ ಅಂದಳು, ಆ ಕ್ಲಬ್ಬಿನವು ಮೂರು ಅವಲ್ರಿ, ಅದರಾಗ ಒಂದು ಇಲ್ಲಿ ಹಾಕ್ರಿ, ನೋಡೂಣು. ಏನಂದಿ? ಕಿವಿ ಕೇಳಸಂಗಿಲ್ಲೇನು, ಹಾಕ್ರಿ ಅಂದೆ. ಎರಡನೇ ಸಲ ಕೇಳಿಸಿಕೊಂಡದ್ದು ಕಿವಿ ಕೇಳದೆ ಅಲ್ಲ, ಇನ್ನೊಮ್ಮೆ ಕೇಳಬೇಕು ಅನ್ನಿಸಿತ್ತು. ಕಾರ್ಖಾನೆಯ ಹಳೆಯ ಕ್ಲಬ್ಬು ಕೆಡವಿದಾಗ ಧೂಳು ಕುಡಿದುಕೊಂಡು ನಿಂತು ಇಳಿಸಿಕೊಂಡ ಮೂರು ಪಂಖಾ, ಇಷ್ಟು ವರ್ಷ ಗೋಣಿ ಹೊದ್ದು ಮಲಗಿದ್ದವು, ಅವುಗಳ ಕೆಳಗೆ ಇನ್ನು ಅವಳು ಕೂರುತ್ತಾಳೆ, ಗಾಳಿ ಛಲೋ ಬರ್ತದ್ರಿ ಅನ್ನುತ್ತಾಳೆ, ಅಷ್ಟು ಅಂದರೆ ಸಾಕು, ಮಿಕ್ಕ ಜನ್ಮಕ್ಕೆ ಸಾಕು.

ಅದಕ್ಕೇ ನಿನ್ನೆ ಎಣ್ಣೆ ತರಲು ಹೋದದ್ದು, ಖಾಜಾಮಿಯಾನ ಗುಜರಿ ಅಂಗಡಿಗೆ, ಹೋದವನು ಮಾತಿಗೆ ಕೂತ, ಬರುವಷ್ಟರಲ್ಲಿ ಅಂಗಳವೆಲ್ಲ ಒದ್ದೆ. ಫರ್ಸಿಯ ಸಂದಿಯಲ್ಲಿ ಕಪ್ಪು ನೀರು ಮೋರಿಯ ಕಡೆ ಹರಿಯುತ್ತಿತ್ತು, ಕಲ್ಲಿನ ಪುಡಿ, ಗ್ರೀಸು, ಹಳೇ ಹೊಗೆ, ಎಲ್ಲ. ಗೋಡೆಗೆ ಮೂರು ಕಟ್ಟು ರೆಕ್ಕೆ ಒರಗಿಸಿಟ್ಟಿದ್ದಳು, ಕಟ್ಟಿಗೆ ಹೊರೆಯ ಹಾಗೆ ಬಟ್ಟೆಯ ಚೂರಿನಿಂದ ಬಿಗಿದು, ಪಕ್ಕದಲ್ಲಿ ಬಟ್ಟೆ ಒಗೆಯುವ ಸೋಡಾ ಹಾಕಿದ ಬಿಸಿನೀರಿನ ಬಕೆಟ್ಟು, ಅವಳ ಕೈ ಮೊಣಕೈ ತನಕ ಕೆಂಪು. ನೋಡ್ರಿ, ಹ್ಯಾಂಗ ಹೊಳಿಲಿಕತ್ತಾವ. ನಗುತ್ತಿದ್ದಳು. ಯಾರ ಹೇಳಿದ್ರು ನಿನಗ ಮುಟ್ಟು ಅಂತ? ಆ ನಗು ಇನ್ನೂ ಮುಖದ ಮೇಲಿದ್ದಾಗಲೇ ಇವನು ತಂತಿ ಕತ್ತರಿಸುವ ಪಕ್ಕಡ್ ತೆಗೆದುಕೊಂಡು ಕಟ್ಟಿನ ಬಟ್ಟೆ ಕತ್ತರಿಸಿದ, ಒಂದು, ಎರಡು, ಮೂರು, ರೆಕ್ಕೆಗಳೆಲ್ಲ ಗಡಗಡ ಚೆಲ್ಲಾಪಿಲ್ಲಿ, ಒಂದೊಂದನ್ನೇ ಮಗುಚಿ ಬೆನ್ನು ನೋಡಿದ, ಗೆರೆ ಇಲ್ಲ, ಗೆರೆ ಇಲ್ಲ, ಎಲ್ಲೂ ಇಲ್ಲ. ಬಿಚ್ಚಬ್ಯಾಡ್ರಿ, ಅವು— ಬಾಯಿ ಮುಚ್ಚು! ಇವೇನು ಭಾಂಡಿ ಅಂದ್ಕೊಂಡೀಯೇನು ತಿಕ್ಕಲಿಕ್ಕ? ನನ್ನ ಇಷ್ಟು ವರ್ಷದ ಕೆಲಸ ಮೋರ್ಯಾಗ ಹಾಕಿದಿ, ತಿಳೀತೇನು? ಎದುರು ಮನೆಯ ಕಿಟಕಿ ತೆರೆಯಿತು. ಅನಸುಬಾಯಿ ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಇವನದೇ ದನಿ ಮೇಲಾಯಿತು, ಆಮೇಲೆ ಅವಳು ತನ್ನ ಕೈಗಳನ್ನು ನೋಡಿಕೊಂಡಳು, ಸೆರಗಿಗೆ ಒರೆಸಿಕೊಂಡಳು, ಒಳಗೆ ಹೋದಳು. ಜಗಳವಾಡಿದ್ದರೆ ಚೆನ್ನಾಗಿತ್ತು, ಜಗಳ ಗೊತ್ತಿರುವ ದಾರಿ. ಇವತ್ತು ಮುಂಜಾನೆ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತು, ಸೇಡಂಗ ಹೊಂಟೀನಿ, ಸರಿತಾನ ಕಡೆ, ಡಬ್ಯಾಗ ರೊಟ್ಟಿ ಅವ. ಯಾವಾಗ ಬರುತ್ತಿ ಎಂದು ಕೇಳಲಿಲ್ಲ, ಏನು ಕೇಳುವುದು, ತಪ್ಪು ಮಾಡಿದವಳು ಅವಳು, ಹೋಗಲಿ, ಎಷ್ಟು ದಿನ ಇರುತ್ತಾಳೋ ಇರಲಿ, ಅಷ್ಟರಲ್ಲಿ ಪಂಖಾ ಕೂರಿಸಿ ತೋರಿಸುತ್ತೇನೆ, ನೋಡು, ನೀನು ಕೆಡಿಸಿದ್ದನ್ನು ಹೊಂದಿಸಿದೆ ಎಂದು. ತೋರಿಸುವುದು ಯಾರಿಗೆ, ಬಂದರೆ ತಾನೇ.

ಇನ್ನೊಂದು ಸಲ. ಈ ರೆಕ್ಕೆ ತೆಗೆದು ಅದು, ಎದುರುಬದುರು ಅದಲುಬದಲು, ತಿರುಪು ಬಿಗಿ, ಏಣಿಯಿಂದ ಇಳಿ, ಗುಂಡಿ ತಿರುಗಿಸು—ತಿರುಗಿತು, ಒಂದು ಕ್ಷಣ ನೆಟ್ಟಗೆ ತಿರುಗಿತು, ಬಂತು, ಬಂತು ಅನ್ನುವಷ್ಟರಲ್ಲಿ ವಾಲಿತು, ಚಿಂದಿ ಮತ್ತೆ ಎದ್ದು ಪಟಪಟ, ನಕ್ಕ ಹಾಗೆ. ಥೂ ಇದರ! ಕೈಲಿದ್ದ ಸ್ಕ್ರೂಡ್ರೈವರು ಗೋಡೆಗೆ ಬಡಿದು ಬಾಗಿಲ ಹತ್ತಿರ ಬಿತ್ತು, ಅಲ್ಲಿ ಖಾಜಾಮಿಯಾ ನಿಂತಿದ್ದ, ಎಣ್ಣೆಯ ಡಬ್ಬಿ ಹಿಡಿದು, ನಿನ್ನೆ ಮರೆತು ಬಂದ ಡಬ್ಬಿ. ನನಗ ಹೊಡೀಲಿಕತ್ತೀ ಏನೋ ಚಂದ್ರಾಮ? ಕುಂದ್ರು ಮಿಯಾ. ಕೂತ, ಮೇಲೆ ನೋಡಿದ, ತೂಗಾಟ ನೋಡಿದ, ಕೆಳಗೆ ರೆಕ್ಕೆ ನೋಡಿದ, ಅವನಿಗೆ ಹೇಳುವುದು ಬೇಕಿರಲಿಲ್ಲ. ಉಳಿ ಹಿಡ್ದು ಠಪ್ ಅಂತ ನಂಬರ್ ಹೊಡಿಬೇಕಿತ್ತಪಾ, ಚಾಕ್ ಯಾರರೆ ಹಚ್ತಾರೇನು. ಹೊಡೆಯುವುದೇನು, ಅಷ್ಟು ಹಳೆಯ ಪಂಖಾದ ಮೈಮೇಲೆ ಗಾಯ ಮಾಡುವುದೇ, ಗುಜರಿಯವನಿಗೆ ಕಬ್ಬಿಣವೆಲ್ಲ ಒಂದೇ, ಅವನಿಗೇನು ಗೊತ್ತು. ಭಾಬಿ ಎಲ್ಲಿ, ಚಾ ಕುಡಿಯೂಣಂತ ಬಂದೆ. ಸೇಡಂಗ ಹೋಗ್ಯಾಳ, ಮೊಮ್ಮಗಳನ್ನ ನೋಡಲಿಕ್ಕ. ಹೂಂ, ನಿನ್ನೆ ಓಣಿ ತುಂಬ ಕೇಳ್ತು ಮೊಮ್ಮಗಳ ಸುದ್ದಿ. ಪಂಖಾಕ್ಕ ನೋವಾಗ್ತದಂತ ಚಾಕ್ ಹಚ್ಚೋ ಮನುಷ್ಯ, ಬಾಯಿ ಮಾತ್ರ ಭಾಳ ಬಿರುಸು ನಿಂದು. ಬಂದ ಕೆಲಸ ನೋಡ್ಕೊಂಡು ಹೋಗು ಮಿಯಾ. ಹೋಗ್ತೀನಿ, ಹೋಗ್ತೀನಿ, ಮ್ಯಾಲ ಅದೇನದು ಕೆಂಪನ್ನದು? ಅಕಿ ಏನರೆ ಕಟ್ಟಿರ್ತಾಳ, ದೃಷ್ಟಿಗೆ, ಬಾಗಿಲಕ್ಕೊಂದು, ಎಮ್ಮಿಗೊಂದು, ಈಗ ಪಂಖಾಕ್ಕೊಂದು. ಖಾಜಾಮಿಯಾ ಡಬ್ಬಿ ಇಟ್ಟು ಎದ್ದ. ಅವನು ಓಣಿ ದಾಟುವ ಮೊದಲೇ ಕರೆಂಟು ಹೋಯಿತು, ಪಂಖಾ ತೂಗಾಡುತ್ತ ತೂಗಾಡುತ್ತ ನಿಂತಿತು. ಗುಂಡಿ ಆರಿಸಲೂ ಮನಸ್ಸಾಗಲಿಲ್ಲ, ಹಾಗೇ ಗೋಡೆಗೆ ಒರಗಿದ, ಹಸಿವಾಗಿತ್ತು, ಡಬ್ಬಿಯ ರೊಟ್ಟಿ ಬೇಡ, ಅವಳು ಬಡಿದ ರೊಟ್ಟಿ ಇವತ್ತು ಬೇಡ.

ಫೋನು. ಸರಿತಾ. ಅಪ್ಪಾ, ಅವ್ವ ಬಂದು ಮುಟ್ಯಾಳ. ಹೂಂ. ಊಟ ಆತೇನು? ಆತು. ಅವ್ವ ಕೇಳಲಿಕತ್ತಾಳ, ಪಂಖಾ ಹಾಕಿದ್ರೇನಂತ. ಕೇಳುತ್ತಾಳಂತೆ, ಗಾಯಕ್ಕೆ ಉಪ್ಪು. ಹ್ಯಾಂಗ ಹಾಕಲಿ, ಗುರುತೆಲ್ಲ ತೊಳೆದು ಹೋಗ್ಯಾಳಲ್ಲ ನಿಮ್ಮವ್ವ, ಯಾವುದು ಯಾವುದರದು ಅಂತ ಆ ದೇವರಿಗೂ ತಿಳಿಯಂಗಿಲ್ಲ, ಹೇಳು ಅಕಿಗೆ! ಆ ಕಡೆ ಗುಸುಗುಸು, ಅನಸುಬಾಯಿಯ ದನಿ, ದೂರದಿಂದ, ಏನೂ ತಿಳಿಯದಷ್ಟು ಸಣ್ಣಗೆ, ಆದರೆ ಅವಳದೇ. ಅಪ್ಪಾ, ಚಾಕ್ ಹೋಗ್ತದಂತ ಗೊತ್ತಿತ್ತಂತ ಅವ್ವಗ. ತೊಳೆಯೂಕಿಂತ ಮೊದಲ ಗೆರಿ ಎಣಿಸಿ ಅರಿವಿ ಕಟ್ಟೀನಿ ಅನ್ನಲಿಕತ್ತಾಳ. ಒಂದೊಂದೇ ಕಟ್ಟು ಬಿಚ್ಚಿ ತೊಳೆದು, ತಿರುಗಿ ಅದನ್ನೇ ಕಟ್ಟ್ಯಾಳಂತ. ರೆಕ್ಕಿ ಕಟ್ಟಿಗಿ ಯಾವ ಬಣ್ಣ ಅದನೋ, ಅದರ ಪಂಖಾದ ಕಂಬಿಗೂ ಅದೇ ಬಣ್ಣ. ಕೆಂಪಕ್ಕ ಕೆಂಪು, ಹಳದಿಗಿ ಹಳದಿ. ನೀವು ನೋಡಿಲ್ಲೇನು? ತಲೆ ಎತ್ತಿ ಮೇಲಿನ ಕೆಂಪು ಚಿಂದಿ ನೋಡಿದ. ಅಕಿನ ಕೈಯಾಗ ಕೊಡು ಫೋನು. ಮತ್ತೆ ಗುಸುಗುಸು. ಬ್ಯಾಡಂತಪ್ಪಾ. ಸೋಡಾಕ್ಕ ಕೈ ಸುಲಿದಾವ, ಎಣ್ಣಿ ಹಚ್ಚಿ ಕುಂತಾಳ.

ಫೋನು ಯಾವಾಗ ಇಟ್ಟನೋ. ಮೂಲೆಯಲ್ಲಿ ಉಳಿದ ಎರಡು ಮೋಟಾರು, ಒಂದರ ಕಂಬಿಗೆ ಹಳದಿ, ಒಂದಕ್ಕೆ ಹಸಿರು, ಬೆಳಿಗ್ಗೆಯಿಂದ ಅವುಗಳನ್ನು ದಾಟಿಕೊಂಡೇ ಓಡಾಡಿದ್ದಾನೆ. ಅಂಗಳಕ್ಕೆ ಹೋದ, ಬರಿಗಾಲಿಗೆ ಫರ್ಸಿ ಸುಟ್ಟಿತು, ಮೋರಿಯ ಬಾಯಲ್ಲಿ ಕತ್ತರಿಸಿದ ಚೂರುಗಳು, ಹಳದಿ, ಹಸಿರು, ಕೆಂಪು, ಒಣಗಿ ಅಂಟಿಕೊಂಡಿವೆ, ತನ್ನ ಪಕ್ಕಡಿನ ಬಾಯಿ ಕಚ್ಚಿದ ಗುರುತು ಒಂದೊಂದರ ಮೇಲೂ. ಬಿಚ್ಚಬ್ಯಾಡ್ರಿ, ಅವು— ಕೆಂಪು ಚೂರನ್ನು ಎತ್ತಿಕೊಂಡ, ಕೈಯಲ್ಲಿ ಹಿಡಿದಾಗ ತಿಳಿಯಿತು, ಆ ಸೀರೆ, ಮದುವೆಯಾದ ವರ್ಷ ದೀಪಾವಳಿಗೆ ಕಲಬುರಗಿಯಿಂದ ತಂದದ್ದು, ಹರಿದು ಜಾಲರಿಯಾದರೂ ನೆಲ ಒರೆಸಲು ಕೊಡದೆ ಟ್ರಂಕಿನ ತಳದಲ್ಲಿ ಇಟ್ಟುಕೊಂಡದ್ದು, ಅದನ್ನು ಹರಿದಿದ್ದಾಳೆ, ಪಂಖಾಕ್ಕೆ, ಈ ಹಾಳು ಪಂಖಾಕ್ಕೆ. ಬಸ್ಸು ಇದೆಯೇ ಈಗ, ವಾಡಿ ಜಂಕ್ಷನ್ನಿಗೆ ಹೋಗಿ ರೈಲು ಹಿಡಿದರೆ, ಹೋಗಿ ಏನು ಹೇಳುವುದು, ನಾನೇ ಬೆರೆಸಿದೆ, ನೀನು ಹೊಂದಿಸಿಟ್ಟಿದ್ದನ್ನು ನಾನೇ ಬೆರೆಸಿದೆ ಎಂದು ಬಾಯಿ ಬಿಟ್ಟು ಹೇಳುವುದು ಹೇಗೆ, ಬೈಯುವಾಗ ಎಷ್ಟು ಸಲೀಸಾಗಿ ಬಂದಿತ್ತು ದನಿ, ಈಗ ಎಲ್ಲಿ ಹೋಯಿತು—ಒಳಗೆ ಗುರ್ ಎಂದು ಸದ್ದು, ಕರೆಂಟು ಬಂದಿದೆ, ಆರಿಸದೆ ಬಿಟ್ಟ ಪಂಖಾ ತಾನೇ ತಿರುಗತೊಡಗಿದೆ, ಬೇರೆ ಬೇರೆಯವರ ನಾಲ್ಕು ರೆಕ್ಕೆ ಹೊತ್ತು ತೂಗಾಡುತ್ತಿದೆ, ಆರಿಸಬೇಕು, ಕೊಂಡಿ ಕಿತ್ತೀತು, ಆರಿಸಬೇಕು, ಆದರೆ ಚಂದ್ರಾಮ ಹೊಸ್ತಿಲಲ್ಲೇ ನಿಂತ, ಕಂಬಿ ಆ ಕಡೆ ವಾಲಿತು, ಈ ಕಡೆ ವಾಲಿತು, ಇಷ್ಟೊಂದು ಅಲ್ಲಾಡಿದರೂ ಬಿಚ್ಚಿಕೊಂಡಿಲ್ಲ ಚಿಂದಿ, ಎರಡು ಗಂಟು ಹಾಕಿದ್ದಾಳೆ, ಈಗ ಸೋಡಾಕ್ಕೆ ಸುಲಿದಿರುವ ಅದೇ ಕೈಯಲ್ಲಿ, ಒಂದರ ಮೇಲೊಂದು, ಬಿಗಿಯಾಗಿ, ಎರಡು ಗಂಟು, ಕೆಂಪು ಚಿಂದಿ, ಎರಡು ಗಂಟು.