ರೆನಾಟೆ ನಿಂತ ಬಗೆ

ಪುಕ್ ಅಂದಿತು, ಅಷ್ಟೇ. ಪಿಸ್ತೂಲು ಮಾಡಬೇಕಾದ ಸದ್ದು ಅದಲ್ಲ. ವೈನ್ ಬಾಟಲಿಯ ಬಿರಡೆ ಕಿತ್ತ ಹಾಗಿತ್ತು. ವೈನಿಗೆ ಹೆಸರಾದ ನಮ್ಮ ಬರೋಸಾ ಕಣಿವೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಸದ್ದು ಕೇಳಿದರೆ ಬಾಯಲ್ಲಿ ನೀರೂರಬೇಕು. ನನಗೆ ಮಾತ್ರ ಕೈಕಾಲು ತಣ್ಣಗಾಯಿತು.

ತೋಟಾದೊಳಗೆ ಮದ್ದು ಇಲ್ಲದಿದ್ದರೆ ಬರುವ ಸದ್ದು ಅದು. ಹಿಂಬದಿಯ ಕೇಪು ಮಾತ್ರ ಸಿಡಿಯುತ್ತದೆ. ಗುಂಡು ಹೊರಗೆ ಹೋಗುವಷ್ಟು ಬಲವಿಲ್ಲದೆ ನಳಿಗೆಯಲ್ಲೇ ಸಿಕ್ಕಿಕೊಂಡು ಕೂರುತ್ತದೆ. ಅದರ ಬೆನ್ನಿಗೆ ಇನ್ನೊಂದು ಗುಂಡು ಹೊಡೆದರೆ ನಳಿಗೆ ಕೈಯಲ್ಲೇ ಒಡೆಯುತ್ತದೆ. ಹಾಗೆ ಸೀಳಿಹೋದ ನಳಿಗೆಯೊಂದನ್ನು ನಮ್ಮ ಕ್ಲಬ್ಬಿನಲ್ಲಿ ಚಹಾ ಮಾಡುವ ಜಾಗದ ಮೇಲೆ ಮೊಳೆ ಹೊಡೆದು ತೂಗುಹಾಕಿದ್ದೇವೆ. ಹೊಸಬರು ಅದನ್ನು ನೋಡಿಯೇ ಚಹಾ ಕುಡಿಯಬೇಕು. ಆ ಪಿಸ್ತೂಲು ಯಾರದು, ಅವನು ಈಗ ಯಾವ ಕೈಯಲ್ಲಿ ಊಟ ಮಾಡುತ್ತಾನೆ ಎಂದು ಕೇಳಿದವರಿಗೆ ನಾನೇ ಹೇಳುತ್ತೇನೆ.

ನಾನು ವರ್ನಾ ಜ್ವಾರ್. ವಾರವಿಡೀ ಸೌತೆಕಾಯಿಯನ್ನು ಉಪ್ಪುನೀರಿನಲ್ಲಿ ಹಾಕಿ ಮಾರುವುದು ನನ್ನ ಕಸುಬು. ಭಾನುವಾರ ಮಾತ್ರ, ಹಳೆಯ ಕಲ್ಲುಕ್ವಾರಿಯಲ್ಲಿರುವ ನಮ್ಮ ಪಿಸ್ತೂಲು ಕ್ಲಬ್ಬಿನಲ್ಲಿ ನಾನು ರೇಂಜ್ ಅಧಿಕಾರಿ. ನಮ್ಮದು ನಿಂತಲ್ಲೇ ನಿಂತು ಒಂದು ಕಣ್ಣು ಮುಚ್ಚಿ ಹೊಡೆಯುವ ಆಟವಲ್ಲ. ಗೋಡೆ, ಕಿಟಕಿ, ಪೀಪಾಯಿಗಳ ಸಂದಿಯಲ್ಲಿ ಓಡುತ್ತ ಹೊಡೆಯಬೇಕು; ಗುರಿಗೂ ಅಂಕ, ವೇಗಕ್ಕೂ ಅಂಕ. ಓಡುವವರ ಹೆಗಲ ಹಿಂದೆಯೇ ಟೈಮರ್ ಹಿಡಿದು ಓಡುವವಳು ನಾನು. ಅವರು ಗುರಿ ನೋಡುತ್ತಾರೆ, ನಾನು ಅವರ ಬೆರಳು ನೋಡುತ್ತೇನೆ. ಏನಾದರೂ ಎಡವಟ್ಟಾದರೆ 'ನಿಲ್ಲು' ಎಂದು ಕೂಗಬೇಕು, ಕೂಗಿದ ತಕ್ಷಣ ಅವರು ಕಲ್ಲಿನ ಹಾಗೆ ನಿಲ್ಲಬೇಕು. ನನ್ನ ಗಂಟಲಿನ ಬಗ್ಗೆ ಊರಲ್ಲಿ ಸಾಕಷ್ಟು ಕುಹಕವಿದೆ. ನನ್ನ ಗಂಡ ಬದುಕಿದ್ದಾಗ, ನಾನು ಅಡುಗೆಮನೆಯಲ್ಲಿ ಕರೆದರೆ ಪಕ್ಕದ ದ್ರಾಕ್ಷಿತೋಟದ ಆಳುಗಳು ಕೆಲಸ ಬಿಟ್ಟು ಬರುತ್ತಾರೆ ಎನ್ನುತ್ತಿದ್ದ. ನನಗೆ ಅದರಲ್ಲಿ ಹೆಮ್ಮೆಯೇ.

ರೆನಾಟೆ ಲೀಬಿಚ್ ಶಾಲೆಯ ಬಸ್ಸು ಓಡಿಸುತ್ತಾಳೆ. ಮೊದಲು ಬಂದಾಗ ಪಿಸ್ತೂಲು ಕಚ್ಚಿಕೊಂಡು ಹೊಡೆಯದೆ ನಿಂತರೆ ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದವಳ ಹಾಗೆ ಅದನ್ನು ದೂರ ಹಿಡಿದು ನಿಂತುಬಿಡುತ್ತಿದ್ದಳು. ನಾನು ಬೇಕಾದಷ್ಟು ಆಡಿಕೊಂಡಿದ್ದೇನೆ. ಒಮ್ಮೆ ಟ್ರಿಗರ್ ಮೇಲೆ ಬೆರಳಿಟ್ಟುಕೊಂಡೇ ಓಡಿದಳು ಎಂದು ಪಂದ್ಯದ ನಡುವೆ ಮನೆಗೂ ಕಳಿಸಿದ್ದೇನೆ.

"ವರ್ನಾ, ನಿನ್ನ ನಿಯಮದ ಪುಸ್ತಕ ನಮ್ಮ ಪಾದ್ರಿ ಬೈಬಲಿಗಿಂತ ದಪ್ಪ ಕಣೆ," ಎಂದಿದ್ದಳು ಆವತ್ತು, ಪಿಸ್ತೂಲಿನ ಬೆಲ್ಟು ಬಿಚ್ಚುತ್ತ.

"ಬೈಬಲ್ ತಪ್ಪಿದ್ರೆ ವಿಚಾರಣೆ ಸತ್ತ ಮೇಲೆ ಮಾರಾಯ್ತಿ. ಇದು ತಪ್ಪಿದ್ರೆ ಇಲ್ಲೇ, ಈಗ್ಲೇ," ಎಂದಿದ್ದೆ ನಾನು.

ಅವಳಿಗೆ ರೋಷ ಜಾಸ್ತಿ. ಆಮೇಲೆ ಒಂದು ನಿಯಮವನ್ನೂ ಮುರಿಯಲಿಲ್ಲ. ಅವಳ ಗಂಡ ಎರ್ವಿನ್ ಮರದ ಪೀಪಾಯಿ ಮಾಡುವವನು, ತಾಳ್ಮೆಯ ಮನುಷ್ಯ. ಹೆಂಡತಿಯನ್ನು ತಯಾರು ಮಾಡುವ ಕೆಲಸ ಅವನು ವಹಿಸಿಕೊಂಡ. ತೋಟಾಗಳನ್ನು ತನ್ನ ಶೆಡ್ಡಿನಲ್ಲಿ ಕೈಯಾರೆ ತುಂಬಿಸುತ್ತಿದ್ದ. ಅಂಗಡಿಯ ಮಾಲನ್ನು ಅವಳಿಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಅಭ್ಯಾಸದ ದಿನ ಅವಳಿಗೆ ಗೊತ್ತಾಗದ ಹಾಗೆ ಒಳ್ಳೆಯ ತೋಟಾಗಳ ನಡುವೆ ಮದ್ದೂ ಕೇಪೂ ಇಲ್ಲದ ಪೊಳ್ಳು ತೋಟಾ ಸೇರಿಸಿಡುತ್ತಿದ್ದ. ಪಿಸ್ತೂಲು ತಟ್ಟನೆ ಸುಮ್ಮನಾಗುತ್ತಿತ್ತು. ಆಗ ಅಂಗೈಯಿಂದ, ತೋಟಾ ತುಂಬಿದ ಮ್ಯಾಗಜಿನ್ನಿನ ಬುಡಕ್ಕೆ ಒಂದು ಏಟು, ಮೇಲಿನ ಸ್ಲೈಡ್ ಹಿಂದಕ್ಕೆ ಒಂದು ಎಳೆತ, ಹೊಸ ತೋಟಾ ಒಳಗೆ, ಮತ್ತೆ ಹೊಡೆ.

"ಯೋಚ್ನೆ ಮಾಡ್ಬೇಡ. ಕೈಗೆ ಬಿಡು, ಕೈ ನೋಡ್ಕೊಳತ್ತೆ," ಎಂದು ಹೇಳಿಕೊಡುತ್ತಿದ್ದ.

ಈ ಬೇಸಿಗೆಯ ಹೊತ್ತಿಗೆ ಅವಳ ಕೈ ಮಾಡುವುದು ನಮ್ಮ ಕಣ್ಣಿಗೆ ಸಿಗುತ್ತಿರಲಿಲ್ಲ. ಪಿಸ್ತೂಲು ಕಚ್ಚಿಕೊಂಡಿತ್ತೆಂದು ಗೊತ್ತಾಗುವುದರೊಳಗೆ ಮುಂದಿನ ಗುಂಡು ಹೋಗಿರುತ್ತಿತ್ತು. ನಾನೂ ಚಪ್ಪಾಳೆ ತಟ್ಟಿದ್ದೇನೆ, ಸುಳ್ಳೇಕೆ ಹೇಳಲಿ.

ಆ ಭಾನುವಾರದ ಪಂದ್ಯ ರಾಜ್ಯ ತಂಡದ ಆಯ್ಕೆಗೆ. ಹೆಂಗಸರಿಗೆ ಉಳಿದಿದ್ದದ್ದು ಒಂದೇ ಜಾಗ. ಅಡಿಲೇಡಿನಿಂದ ಬಂದ ಚುರುಕು ಹುಡುಗಿಯೊಬ್ಬಳಿದ್ದಳು, ಆದರೆ ಬೆಳಗಿನಿಂದ ರೆನಾಟೆಯೇ ಮುಂದಿದ್ದಳು. ಉಳಿದದ್ದು ಕೊನೆಯ ಓಟ ಒಂದೇ. ಮೇಲ್ವಿಚಾರಣೆ ಪೂರ್ತಿ ನನ್ನದು.

ಟೈಮರ್ ಬೀಪ್ ಎಂದಿತು. ರೆನಾಟೆ ಚಿಗರೆಯ ಹಾಗೆ ಹಾರಿದಳು. ಮೊದಲ ಗೋಡೆ, ಕಿಟಕಿ, ಪೀಪಾಯಿಗಳ ಸಾಲು, ಒಂದೂ ತಪ್ಪಲಿಲ್ಲ. ಕೊನೆಯ ಗೋಡೆಯ ಅಂಚಿಗೆ ಬಂದಳು. ಪುಕ್.

ನಾನು ಬಾಯಿ ತೆರೆಯುವುದರೊಳಗೆ ಅವಳ ಅಂಗೈ ಮ್ಯಾಗಜಿನ್ನಿನ ಬುಡಕ್ಕೆ ಬಿದ್ದಿತ್ತು. ಸ್ಲೈಡ್ ಹಿಂದೆ ಹೋಗಿ ಮುಂದೆ ಬಂತು. ಪಿಸ್ತೂಲು ಗುರಿಯ ಎತ್ತರಕ್ಕೆ ಏರಿತು.

"ನಿಲ್ಲು," ಎಂದು ಕೂಗಿದೆ. ಜನ್ಮದಲ್ಲಿ ಹಾಗೆ ಕೂಗಿದವಳಲ್ಲ. ಗಂಟಲು ಹರಿದು ಬಾಯಿಗೆ ಬಂದ ಹಾಗಾಯಿತು. ಬೆರಳು ನೋಡುವವಳು ನಾನು, ಆದರೆ ಆ ಕ್ಷಣ ನನ್ನ ಕಣ್ಣು ನಳಿಗೆಯ ಮೇಲೆ ನೆಟ್ಟುಹೋಗಿತ್ತು. ಈಗ ಒಡೆಯುತ್ತದೆ, ಈಗ ಒಡೆಯುತ್ತದೆ ಎಂದುಕೊಳ್ಳುತ್ತ ಅವಳ ಪಕ್ಕಕ್ಕೆ ಬಂದೆ. ಒಡೆಯಲಿಲ್ಲ. ರೆನಾಟೆ ನಿಂತಿದ್ದಳು.

"ಯಾಕೆ ನಿಲ್ಲಿಸ್ದೆ?" ಎಂದಳು. ಪಿಸ್ತೂಲಿನ ಮೂತಿ ಮಾತ್ರ ಮಣ್ಣಿನ ದಿಬ್ಬದ ಕಡೆಗೇ ಇತ್ತು, ಒಂದಿಷ್ಟೂ ತಿರುಗಲಿಲ್ಲ.

"ನಳಿಗೇಲಿ ಗುಂಡು ಕೂತಿದೆ. ಮ್ಯಾಗಜಿನ್ ತೆಗಿ, ಖಾಲಿ ಮಾಡು. ನಿಧಾನ."

ಅವಳು ಖಾಲಿ ಮಾಡಿದಳು. ಸ್ಲೈಡ್ ಪೂರ್ತಿ ಮುಚ್ಚಿರಲಿಲ್ಲ, ಕೂದಲೆಳೆಯಷ್ಟು ಬಾಯಿಬಿಟ್ಟುಕೊಂಡಿತ್ತು. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇನ್ನೂ ಸಿಡಿಯದ ತೋಟಾವೊಂದು ಕೆಳಗೆ ಜಲ್ಲಿಯ ಮೇಲೆ ಬಿತ್ತು.

ನಮ್ಮ ನಿಯಮ ಹೀಗಿದೆ. ನಳಿಗೆಯಲ್ಲಿ ಗುಂಡಿದೆ ಎಂದು ನಾನು ನಿಲ್ಲಿಸಿ, ಗುಂಡು ಇಲ್ಲದಿದ್ದರೆ, ತಪ್ಪು ನನ್ನದು. ಅವಳಿಗೆ ಓಟ ಮತ್ತೆ ಸಿಗುತ್ತದೆ. ಗುಂಡು ಇದ್ದರೆ ಹೊಡೆದಷ್ಟೇ ಲೆಕ್ಕ, ಉಳಿದ ಗುರಿಗಳೆಲ್ಲ ತಪ್ಪಿದವೆಂದೇ. ಹಾಗಾಗಿ ಸುತ್ತ ನಿಂತವರೆಲ್ಲ ನನ್ನ ತಪ್ಪೇ ಆಗಿರಲಿ ಎಂದು ಹಾರೈಸುತ್ತಿದ್ದರು.

ಎರ್ವಿನ್ ಹಗ್ಗ ದಾಟಿ ಬಂದ. "ನಿನ್ನ ಕಿವಿಗೆ ವಯಸ್ಸಾಯ್ತು ವರ್ನಾ. ನನ್ನ ತೋಟಾ ಅಂಥ ಕೆಲಸ ಮಾಡಲ್ಲ."

"ಹಾಗಾದ್ರೆ ನೀನೇ ಕಡ್ಡಿ ಹಾಕಿ ನೋಡಪ್ಪ."

ಹಿತ್ತಾಳೆಯ ಕಡ್ಡಿ ತಂದು ಅವನೇ ನಳಿಗೆಯೊಳಗೆ ಇಳಿಸಿದ. ಅದು ಕೊನೆ ಮುಟ್ಟುವ ಮೊದಲೇ ನಿಂತಿತು. ತೆಗೆದು ಮತ್ತೆ ಇಳಿಸಿದ. ಅಲ್ಲೇ ನಿಂತಿತು. ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಜಲ್ಲಿಯ ಮೇಲೆ ಕುಸಿದು ಕೂತುಬಿಟ್ಟ.

"ತೋಟಾಕ್ಕೆ ಮದ್ದು ತುಂಬಿಸ್ತಾ ನಡುವೆ ಎದ್ದು ಹೋಗಿದ್ದೆ," ಎಂದ. "ಏಣಿ ಬೇಕು ಅಂತ ಯಾರೋ ಬಂದ್ರು. ಕೊಟ್ಟು ಬಂದು ಕೂತೆ. ಎಲ್ಲಿಗೆ ಬಿಟ್ಟಿದ್ದೆ ಅಂತ ನೋಡ್ಲೇ ಇಲ್ಲ."

ಆಮೇಲೆ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡ. ಅಷ್ಟು ದೊಡ್ಡ ಗಂಡಸು ಎಲ್ಲರೆದುರು ಅಳುತ್ತಿದ್ದ. "ನಿನ್ನ ಗಂಟಲು ನನ್ನ ಹೆಂಡ್ತೀನ ಉಳಿಸ್ತು. ಸಾಯೋವರೆಗೂ ಮರೆಯಲ್ಲ," ಎಂದ. ಎಲ್ಲರೂ ಬೆನ್ನು ತಟ್ಟಿದರು. ಅಡಿಲೇಡಿನ ಹುಡುಗಿಯೂ ಬಂದು ತಟ್ಟಿದಳು. ನನಗೆ ಒಳಗೊಳಗೇ ಹಿಗ್ಗಾಯಿತು.

ಅಂಕಗಳನ್ನು ಕೂಡಿಸಿದೆವು. ಅಷ್ಟೆಲ್ಲ ಗುರಿ ಬಿಟ್ಟುಹೋದರೂ ಬೆಳಗಿನ ಗಳಿಕೆಯ ಬಲದಿಂದ ರೆನಾಟೆ ಕೂದಲೆಳೆಯ ಅಂತರದಲ್ಲಿ ಮುಂದಿದ್ದಳು. ಜಾಗ ಅವಳದೇ. ಎರ್ವಿನ್ ಅಳುತ್ತಿದ್ದವನು ನಗಲು ಶುರುಮಾಡಿದ. ಕಟ್ಟೆಯ ಮೇಲೆ ಮೆಟ್‌ವುರ್ಸ್ಟ್ ಸಾಸೇಜು ಹೆಚ್ಚಿಟ್ಟರು, ಕೇಕು ಕತ್ತರಿಸಿದರು. ಆಗ ನೋಡಿದರೆ ರೆನಾಟೆಯೇ ಇಲ್ಲ.

ಅವಳು ನೀರಿನ ತೊಟ್ಟಿಯ ಹಿಂದೆ ನಲ್ಲಿಗೆ ಕೈಯೊಡ್ಡಿ ನಿಂತಿದ್ದಳು. ಕೈ ತೊಳೆಯುತ್ತಿರಲಿಲ್ಲ, ನೀರು ಸುಮ್ಮನೆ ಹರಿದುಹೋಗುತ್ತಿತ್ತು.

"ಏನೇ, ನಿನ್ನ ಪಾಲಿನ ಕೇಕು ನಿನ್ನ ಗಂಡ ಮುಗಿಸ್ತಿದಾನೆ," ಎಂದೆ.

"ವರ್ನಾ, ನೀನು ಕೂಗಿದ್ದು ನಂಗೆ ಕೇಳಿಸ್ಲಿಲ್ಲ."

"ಕೇಳಿಸ್ದೇ ಹೇಗೆ ನಿಂತೆ?"

"ನಿಲ್ಲಲಿಲ್ಲ. ಟ್ರಿಗರ್ ಎಳೆದೆ."

ನನಗೆ ಅರ್ಥವಾಗಲಿಲ್ಲ. ಅಥವಾ ಆಯಿತು, ಆಗುವುದು ಬೇಡವೆನಿಸಿತು.

"ಎಳೆದೆ. ಹೊಡೀಲಿಲ್ಲ. ಇನ್ನೊಂದ್ಸಲ ಎಳೆದೆ. ಆಗ್ಲೂ ಹೊಡೀಲಿಲ್ಲ. ಮತ್ತೆ ಬುಡಕ್ಕೆ ಹೊಡೆಯೋಕೆ ಕೈ ಎತ್ತಿದೆ ನೋಡು, ಆಗ ನೀನು ಪಕ್ಕದಲ್ಲಿ ಬಂದಿದ್ದು ಕಾಣಿಸ್ತು. ಬಾಯಿ ತೆರ್ಕೊಂಡಿದ್ದೆ ನೀನು. ಅದಕ್ಕೆ ನಿಂತೆ."

ಕೂದಲೆಳೆಯಷ್ಟು ಬಾಯಿಬಿಟ್ಟ ಸ್ಲೈಡ್ ಈಗ ನನ್ನ ತಲೆಗೆ ಹೋಯಿತು. ಸಿಕ್ಕಿಕೊಂಡ ಗುಂಡು ಸ್ವಲ್ಪ ಹಿಂದೆಯೇ ಕೂತಿದ್ದರಿಂದ ಹೊಸ ತೋಟಾಕ್ಕೆ ಪೂರ್ತಿ ಜಾಗ ಸಿಕ್ಕಿಲ್ಲ. ತೋಟಾ ಸರಿಯಾಗಿ ಕೂರದೆ ಸ್ಲೈಡ್ ಮುಚ್ಚುವುದಿಲ್ಲ, ಸ್ಲೈಡ್ ಮುಚ್ಚದೆ ಪಿಸ್ತೂಲು ಹೊಡೆಯುವುದಿಲ್ಲ. ಗುಂಡು ಉಗುರಿನ ದಪ್ಪದಷ್ಟು ಮುಂದೆ ಹೋಗಿ ಕೂತಿದ್ದರೆ ಈ ಎರಡು ಕೈ ನಲ್ಲಿಯ ಕೆಳಗೆ ಇರುತ್ತಿರಲಿಲ್ಲ. ನನ್ನ ಗಂಟಲು ಯಾರನ್ನೂ ಉಳಿಸಿರಲಿಲ್ಲ. ತೊಟ್ಟಿಯ ಗೋಡೆ ಹಿಡಿದುಕೊಂಡೆ.

"ನಾನು ಯಾವ ನಿಯಮ ಮುರಿದೆ, ಹೇಳು," ಎಂದಳು.

"ಯಾರೂ ನೋಡಿಲ್ಲ ಕಣೆ. ನಾನೇ ನೋಡಿಲ್ಲ. ಬಾಯಿ ಮುಚ್ಕೊಂಡು ಹೋಗಿ ಕೇಕು ತಿನ್ನು."

ಇದು ನನ್ನ ಬಾಯಿಂದಲೇ ಬಂತೇ ಎಂದು ನಾನೇ ಗಾಬರಿಯಾದೆ. ಬೂಟಿನ ದಾರ ಕಟ್ಟಿಲ್ಲವೆಂದು ಜನರನ್ನು ಗದರಿಸುವವಳು ನಾನು.

"ಬೇರೆ ಯಾರಾದ್ರೂ ಆಗಿದ್ರೆ?" ಎಂದಳು ರೆನಾಟೆ.

"ಬೆಲ್ಟು ಬಿಚ್ಚಿಸಿ ಮನೆಗೆ ಕಳಿಸ್ತಿದ್ದೆ. ನಿಲ್ಲು ಅಂದ್ರೆ ನಿಲ್ಲಬೇಕು."

"ಮತ್ತೆ?" ಅವಳು ನಲ್ಲಿ ನಿಲ್ಲಿಸಿದಳು. "ನಾನು ಮಕ್ಕಳ ಬಸ್ಸು ಓಡಿಸೋಳು ವರ್ನಾ. ನಿಲ್ಲು ಅಂದ್ರೆ ನಿಲ್ಲದೇ ಇರೋ ಕೈ ಇಟ್ಕೊಂಡು ಆ ತಂಡಕ್ಕೆ ನಾನು ಹೋಗಲ್ಲ. ನೀನು ಹೇಳ್ತೀಯೋ, ನಾನೇ ಹೇಳ್ಲೋ?"

"ಆ ಜಾಗಕ್ಕೆ ಎಷ್ಟು ಒದ್ದಾಡಿದೀಯ ಅಂತ ನಂಗೊತ್ತು."

"ನಂಗೂ ಗೊತ್ತು." ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. "ಒಂದೇ ಒಂದು ಮಾತು ನಡೆಸ್ಕೊಡು. ಟ್ರಿಗರ್ ಎಳೆದದ್ದು ಎರ್ವಿನ್ನಿಗೆ ಹೇಳ್ಬೇಡ. ತೋಟಾ ತುಂಬಿದ್ದೂ ಅವನೇ, ಕೈಗೆ ಬಿಡು ಅಂತ ಕಲಿಸಿದ್ದೂ ಅವನೇ. ಎರಡೂ ಒಟ್ಟಿಗೆ ಗೊತ್ತಾದ್ರೆ ಅವನು ತಡ್ಕೊಳಲ್ಲ."

ಆಗಲಿ ಎಂದೆ.

ಕಟ್ಟೆಯ ಹತ್ತಿರ ಹೋಗಿ ನಿಂತೆ. ಮೊದಲ ಸಲ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ, ಎರಡನೆಯ ಸಲ ಹೇಳಬೇಕಾಯಿತು. "ರೆನಾಟೆ ಲೀಬಿಚ್ ಪಂದ್ಯದಿಂದ ಹೊರಗೆ. ನಿಲ್ಲು ಅಂದಾಗ ನಿಲ್ಲಲಿಲ್ಲ. ತಂಡದ ಜಾಗ ಎರಡನೆಯವಳಿಗೆ."

ಅಡಿಲೇಡಿನ ಹುಡುಗಿ ಕೈಯಲ್ಲಿದ್ದ ಕೇಕನ್ನು ಮೆಲ್ಲಗೆ ಕೆಳಗಿಟ್ಟಳು. ಯಾರೋ "ತಮಾಷೆನಾ?" ಎಂದರು. ರೆನಾಟೆ ಬೆಲ್ಟು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು, ತಲೆಯೆತ್ತಲಿಲ್ಲ.

ಎರ್ವಿನ್ ನನ್ನೆದುರು ಬಂದು ನಿಂತ. ಅವನ ರೆಪ್ಪೆ ಇನ್ನೂ ಒದ್ದೆಯಾಗಿತ್ತು.

"ಎಲ್ರೂ ಕಣ್ಣಾರೆ ನೋಡಿದೀವಿ. ನೀನು ಕೂಗಿದೆ, ಅವ್ಳು ನಿಂತ್ಲು. ಈಗ ನಿಲ್ಲಲಿಲ್ಲ ಅಂತೀಯ?"

"ನಿಯಮ ಎರ್ವಿನ್."

"ನಿನ್ನ ನಿಯಮಕ್ಕೆ ಬೆಂಕಿ ಬೀಳ್ಲಿ. ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ ಮುದುಕಿ?" ಅವನು ಸುತ್ತ ನಿಂತವರ ಕಡೆ ಒಮ್ಮೆ ನೋಡಿ, ಮತ್ತೆ ನನ್ನ ಕಡೆ ತಿರುಗಿದ. "ಅವ್ಳು ನಿಲ್ಲದೇ ಇದ್ದಿದ್ರೆ ಅವಳ ಕೈ ಈಗ ಎಲ್ಲಿರ್ತಿತ್ತು? ಹೇಳು ನೋಡೋಣ."

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ರೆನಾಟೆಯೂ ಈಗ ತಲೆಯೆತ್ತಿ ನೋಡಿದಳು. ನಾನು ಬಾಯಿ ಬಿಡಲಿಲ್ಲ.